ದೋಣಿ ಎಂಜಿನ್‌ನಲ್ಲಿ ಕಚ್ಚಿಕೊಂಡ ಆಯಿಲ್ ಫಿಲ್ಟರ್ ಬಿಚ್ಚಿದ ಬಗೆ

ಮೀನುಗಾರಿಕೆ ದೋಣಿಯ ಡೀಸೆಲ್ ಎಂಜಿನ್. ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್ ಏನು ಮಾಡಿದರೂ ಅಲುಗುತ್ತಿರಲಿಲ್ಲ. ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದಿತ್ತು, ರಬ್ಬರ್ ವಾಷರ್ ಬಿಸಿಗೆ ಗಟ್ಟಿಯಾಗಿ ಲೋಹಕ್ಕೆ ಅಂಟಿತ್ತು.

ಬೆಲ್ಟ್ ಸ್ಪ್ಯಾನರ್ ಜಾರಿತು. ಉಪ್ಪುಕಾಗದ ಸುತ್ತಿದರೂ ಅಷ್ಟೇ. ಚೈನ್ ಸ್ಪ್ಯಾನರ್ ಡಬ್ಬಿಯನ್ನು ಅಪ್ಪಚ್ಚಿ ಮಾಡಿತು. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿದರೆ ತಗಡು ಹರಿಯಿತು, ಬುಡ ಕದಲಲಿಲ್ಲ. ಹಿಡಿತ ಇರುವುದು ಬುಡದ ದಪ್ಪ ತಟ್ಟೆಯಲ್ಲಿ. ಬಲವೂ ಅಲ್ಲಿಗೇ ಬೀಳಬೇಕು.

ಕೊನೆಗೆ ಕೆಲಸ ಮಾಡಿದ ಕ್ರಮ: ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಎಂಜಿನ್ ಆಯಿಲ್ ಇಳಿಸಿ, ಫಿಲ್ಟರ್ ಕೆಳಗೆ ಟ್ರೇ ಇಡಿ. ದೋಣಿಯ ತಳಕ್ಕೆ ಚೆಲ್ಲಿದ ಎಣ್ಣೆಯನ್ನು ತಳದ ನೀರು ಹೊರಹಾಕುವ ಪಂಪು ಸಮುದ್ರಕ್ಕೇ ಎಸೆಯುತ್ತದೆ. ತಗಡು ಕತ್ತರಿಯಿಂದ ಡಬ್ಬಿಯನ್ನು ಬುಡದವರೆಗೆ ಕತ್ತರಿಸಿ, ಒಳಗಿನ ಕಾಗದದ ಸುರುಳಿ ತೆಗೆಯಿರಿ. ಗ್ರೈಂಡರ್ ಬೇಡ, ಕಿಡಿಯ ಜತೆ ಲೋಹದ ಪುಡಿ ಆಯಿಲ್ ದಾರಿಗೆ ಸೇರುತ್ತದೆ. ಈಗ ತಟ್ಟೆಯ ನಡುವೆ ಥ್ರೆಡ್ ಇರುವ ದೊಡ್ಡ ರಂಧ್ರ, ಸುತ್ತ ಸಣ್ಣ ತೂತುಗಳು ಕಾಣುತ್ತವೆ. ಸಣ್ಣ ತೂತಿನ ಅಂಚಿಗೆ ಮೊಂಡು ಉಳಿಯನ್ನು ಓರೆಯಾಗಿಟ್ಟು, ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಿಗೆಯಿಂದ ಚುರುಕಾಗಿ ತಟ್ಟಿ. ಒಂದೇ ತೂತಿಗೆ ಬಡಿಯದೆ ಎದುರುಬದುರು ತೂತುಗಳಿಗೆ ಸರದಿಯಲ್ಲಿ ತಟ್ಟಬೇಕು. ವಾಷರ್ ಕೂರುವ ಎಂಜಿನ್‌ನ ಮುಖಕ್ಕೆ ಉಳಿ ತಾಗಬಾರದು. ಗೀರು ಬಿದ್ದರೆ ಹೊಸ ಫಿಲ್ಟರೂ ಸೋರುತ್ತದೆ.

ತಟ್ಟೆ ಕಳಚಿದ ಮೇಲೆ ಹಳೆಯ ವಾಷರ್ ಅಂಟಿಕೊಂಡೇ ಉಳಿದಿದೆಯೇ, ಫಿಲ್ಟರ್ ಕೂರುವ ಎಂಜಿನ್‌ನ ಥ್ರೆಡ್ ಕೊಳವೆ ತಟ್ಟೆಯ ಜತೆ ಕಿತ್ತು ಬಂದಿದೆಯೇ ನೋಡಿ. ಹೊಸ ವಾಷರ್‌ಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಆಯಿಲ್ ತುಂಬಿ ಎಂಜಿನ್ ಚಾಲೂ ಮಾಡಿ, ಸೋರಿಕೆ ನೋಡಿ, ನಿಲ್ಲಿಸಿದ ಮೇಲೆ ಮಟ್ಟ ಮತ್ತೆ ಅಳೆಯಿರಿ.