ಉಪಕೇಂದ್ರದ ಬೀಗ ತೆಗೆಸಲು ಪಂಚಾಯಿತಿಗೆ ನಿಂತೆ

ನನ್ನದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ನಿಂತು ಗೆದ್ದೆ. "ಪಂಚಾಯಿತಿ ಅಂದ್ರೆ ಚರಂಡಿ, ಬೀದಿದೀಪ. ನರ್ಸಮ್ಮಂಗೆ ಅಲ್ಲೇನ್ ಕೆಲ್ಸ?" ಎಂದು ಕೇಳಿದವರೇ ಜಾಸ್ತಿ. ನನ್ನ ಜೊತೆ ಕೆಲಸ ಮಾಡಿದವರೂ ಇದನ್ನೇ ಕೇಳುತ್ತಾರೆ.

ಹೆರಿಗೆ ವಾರ್ಡಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರಕ್ತಹೀನತೆ. ಬಸುರಿಗೆ 100 ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಅಪಾಯ. ಅಂಥವರು ಒಂಬತ್ತು ತುಂಬಿದ ಮೇಲೆ ಬರುತ್ತಿದ್ದರು. ಆಗ ನಮ್ಮ ಕೈಯಲ್ಲಿ ಏನಿರುತ್ತದೆ? ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಬರೆದುಕೊಟ್ಟು 108ಕ್ಕೆ ಫೋನ್ ಮಾಡುವುದು, ಅಷ್ಟೇ. ಆ ಹೆಣ್ಣುಮಗಳಿಗೆ ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಸಿಗಬೇಕಿತ್ತು. ಸಿಗಬೇಕಾಗಿದ್ದು ಅವಳ ಊರಿನ ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ. ಆದರೆ ಅಲ್ಲಿ ನಲ್ಲಿಯಲ್ಲಿ ನೀರಿಲ್ಲ, ಕರೆಂಟಿಲ್ಲ, ಶೌಚಾಲಯ ಮುರಿದಿದೆ. ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ದಿನವಿಡೀ ಅಲ್ಲಿ ಹೇಗೆ ಕೂರಬೇಕು? ಬಾಗಿಲಿಗೆ ಬೀಗ ಬೀಳುತ್ತದೆ. ನೀರು, ದೀಪ, ದಾರಿ ಮೂರೂ ಪಂಚಾಯಿತಿ ಕೆಲಸವೇ ಅಲ್ವಾ? ನಾನು ನಿಂತಿದ್ದು ಇದಕ್ಕೇ.

ನಿಲ್ಲಬೇಕು ಅನ್ನುವ ನರ್ಸ್‌ಗಳಿಗೆ ಒಂದು ಮಾತು. ಸರ್ಕಾರಿ ನೌಕರಿಯಲ್ಲಿ ಇರುವವರೆಗೆ ನಿಲ್ಲುವ ಹಾಗಿಲ್ಲ. ಬೇರೆಯವರ ಪರ ಪ್ರಚಾರಕ್ಕೂ ಹೋಗುವಂತಿಲ್ಲ. ರಾಜೀನಾಮೆ ಕೊಡಬೇಕು, ಇಲ್ಲವೇ ನಿವೃತ್ತಿಯಾಗಿರಬೇಕು. ನಿಮ್ಮ ವಾರ್ಡಿನ ಮೀಸಲಾತಿ ಏನೆಂದು ಮೊದಲೇ ನೋಡಿಕೊಳ್ಳಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಟಿಕೆಟ್‌ಗೆ ಯಾರ ಮನೆ ಬಾಗಿಲಲ್ಲೂ ಕಾಯಬೇಕಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಅಂದರೆ ಪ್ರತಿ ಮನೆಗೂ ನಡೆದೇ ಹೋಗಬಹುದು.

ನಾನು ಹೋಗಿದ್ದೂ ಹಾಗೆಯೇ. ಮಾಸ್ಕ್ ಹಾಕಿಕೊಂಡು, ದೀಪ ಹಚ್ಚುವ ಹೊತ್ತಿಗೆ, ಜನ ಹೊಲದಿಂದ ಬಂದ ಮೇಲೆ. ಹೋದ ಕಡೆಯಲ್ಲೆಲ್ಲ "ಬಿಪಿ ನೋಡ್ರಿ ಅಕ್ಕಾರೆ" ಅನ್ನುತ್ತಿದ್ದರು. ಬಿಪಿ ಮಷಿನ್ ಮನೆಯಲ್ಲೇ ಬಿಟ್ಟಿದ್ದೆ. ಓಟು ಕೇಳುವಾಗ ಪುಕ್ಕಟೆ ಸೇವೆ ಕೊಡುವುದೂ ಆಮಿಷವೇ. "ನಿಮ್ ಸೊಸೆ ಹೆರಿಗೆ ನಾನೇ ಮಾಡ್ಸಿದ್ದು ಅಂತ ಹೇಳ್ರಿ, ಓಟು ಬೀಳ್ತಾವೆ" ಎಂದು ನಮ್ಮವರೇ ಹೇಳಿಕೊಟ್ಟರು. ಅದನ್ನೂ ಹೇಳಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನಾಗಿತ್ತು ಅನ್ನುವುದು ನರ್ಸ್‌ಗೆ ಗೊತ್ತಿರುತ್ತದೆ. ಆ ಗುಟ್ಟು ಆಸ್ಪತ್ರೆಯಲ್ಲೇ ಉಳಿಯಬೇಕು. ನಾನು ಕೇಳಿದ್ದು ಒಂದೇ: ಹೋದ ವರ್ಷ ಕಾಯಿಲೆ ಬಿದ್ದಾಗ ಊರಲ್ಲಿ ಏನು ಇದ್ದಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು? ಹೇಳಿದ್ದನ್ನೆಲ್ಲ ಬರೆದುಕೊಂಡೆ. ಶುಗರ್ ಮಾತ್ರೆ ಎಂದರು. ಹಾವು ಕಚ್ಚಿದರೆ ಹೋಗಲು ಗಾಡಿ ಎಂದರು. ಹೆಚ್ಚಿನವರು ಹೇಳಿದ್ದು ಕುಡಿಯುವ ನೀರು.

ಗೆದ್ದ ಮೇಲೆ ಮೊದಲು ಕೇಳಿದ್ದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪಾಸ್‌ಬುಕ್. ಈ ಸಮಿತಿಗೆ ಪಂಚಾಯಿತಿ ಸದಸ್ಯರೇ ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಒಂದು ಹಳ್ಳಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಎಂದು ಇಟ್ಟಿದ್ದಾರೆ, ಅಂದರೆ ಊರಿನ ಆರೋಗ್ಯಕ್ಕೆ ಏನು ಬೇಕೋ ಅದಕ್ಕೆ ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡುವ ದುಡ್ಡು. ನಮ್ಮಲ್ಲಿ ಸಭೆಯೇ ಸರಿಯಾಗಿ ಸೇರುತ್ತಿರಲಿಲ್ಲ. ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾನು ಸಭೆಯನ್ನು ಅಂಗನವಾಡಿಯಲ್ಲಿ, ಲಸಿಕೆ ಹಾಕುವ ದಿನವೇ ಇಟ್ಟೆ. ತಾಯಂದಿರು ಹೇಗೂ ಅಲ್ಲಿರುತ್ತಾರೆ. ಖರ್ಚಿನ ಲೆಕ್ಕವನ್ನು ಅವರ ಮುಂದೆಯೇ ಓದಿದೆವು. ರಾತ್ರಿ ಹೊತ್ತು ಬಸುರಿಯನ್ನು ಕರೆದೊಯ್ಯುವ ಗಾಡಿಗೆ ಸ್ವಲ್ಪ ದುಡ್ಡು ಎತ್ತಿಟ್ಟೆವು. ಉಪಕೇಂದ್ರದ ನೀರು, ವೈರಿಂಗ್, ಶೌಚಾಲಯವನ್ನು ಗ್ರಾಮಸಭೆಯಲ್ಲಿ ಕೇಳಿ ಕ್ರಿಯಾಯೋಜನೆಗೆ ಸೇರಿಸಿದೆವು. ಆಗ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. "ದುಡ್ಡಿಲ್ಲ" ಅಂದಾಗ ಆ ಸಾಲನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮುಂದೆ ಓದಿ ತೋರಿಸಬೇಕಾಯಿತು. ಬೀಗ ತೆಗೆಯಿತು.

ನೀರಿನದು ಇನ್ನೂ ದೊಡ್ಡ ಕೆಲಸ. ನಮ್ಮ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಮಕ್ಕಳ ಹಲ್ಲು ಕಂದು ಆಗುತ್ತದೆ, ವರ್ಷಗಟ್ಟಲೆ ಕುಡಿದವರ ಮೊಣಕಾಲು, ಬೆನ್ನು ಬಿಗಿಯುತ್ತದೆ. ಕಾಯಿಸಿ ಕುಡಿದರೆ ಸಾಕು ಅಂದುಕೊಂಡ ಮನೆಗಳು ಎಷ್ಟೋ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಶುದ್ಧ ನೀರಿನ ಘಟಕವೇನೋ ಇತ್ತು. ಅದರ ಫಿಲ್ಟರ್ ಕಡೆಯ ಸಲ ಬದಲಾಗಿದ್ದು ಯಾವಾಗ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟ ಹೊತ್ತು ಬರೆಯದಿದ್ದರೆ ನಮ್ಮನ್ನು ಬಿಡುತ್ತಿದ್ದರಾ? ಘಟಕದ ಗೋಡೆಗೂ ಒಂದು ಪಟ್ಟಿ ಅಂಟಿಸಿದೆವು. ಫಿಲ್ಟರ್ ಬದಲಿಸಿದ ದಿನ, ಪರೀಕ್ಷೆ ಮಾಡಿದ ದಿನ, ಫ್ಲೋರೈಡ್ ಎಷ್ಟು, ಮಾಡಿದವರ ಸಹಿ. ಪರೀಕ್ಷೆಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಿಟ್ ಇಟ್ಟುಕೊಂಡು ತಾವೇ ಮಾಡುತ್ತಾರೆ. ಅವರು ಕೇಳುವ ಪ್ರಶ್ನೆಗೆ ಗುತ್ತಿಗೆದಾರ ಈಗ ಉತ್ತರ ಕೊಡಲೇಬೇಕು. ಇದು ನನಗೆ ತುಂಬ ಖುಷಿ ಕೊಟ್ಟ ಕೆಲಸ.

ಖಾಲಿ ಹುದ್ದೆ ತುಂಬುವುದು, ಔಷಧ ಕಳಿಸುವುದು ಮಾತ್ರ ಗ್ರಾಮ ಪಂಚಾಯಿತಿ ಕೈಯಲ್ಲಿಲ್ಲ. ಠರಾವು ಮಾಡಿ ಕಳಿಸಬಹುದು, ಮತ್ತೆ ಮತ್ತೆ ಕೇಳಬಹುದು. ಆ ಮಾತಿಗೆ ತೂಕ ಬರುವುದು ಜಿಲ್ಲಾ ಪಂಚಾಯಿತಿಯಲ್ಲಿ. ರಾಜ್ಯದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಲ್ಲಿ ಪಕ್ಷದ ಚಿಹ್ನೆ ಮೇಲೆ ಚುನಾವಣೆ, ಖರ್ಚೂ ಜಾಸ್ತಿ, ಕ್ಷೇತ್ರವೂ ದೊಡ್ಡದು. ಆದರೂ ನಿಲ್ಲಬೇಕು ಎಂದಿದ್ದೇನೆ. ನಾನಾಗದಿದ್ದರೆ ನಮ್ಮ ತಾಲ್ಲೂಕಿನ ಇನ್ನೊಬ್ಬ ನರ್ಸ್ ನಿಲ್ಲಲಿ, ಮನೆ ಮನೆಗೆ ನಾನೂ ಜೊತೆಗೆ ಬರುತ್ತೇನೆ.