ಅಪರೂಪದ ನಾಣ್ಯವೋ, ಬರೀ ಸವೆದದ್ದೋ? ಗುರುತಿಸುವುದು ಹೀಗೆ

ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ, ಡೊಂಬಿವಲಿಯ ಮನೆಯ ಹಳೆ ಡಬ್ಬಿಯಲ್ಲಿ, ಫೋರ್ಟ್ ಕಡೆಯ ಫುಟ್‌ಪಾತಿನಲ್ಲಿ ವಿಚಿತ್ರ ನಾಣ್ಯಗಳು ಸಿಗುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಸವೆದವು, ಇಲ್ಲವೇ ಯಾರೋ ಜಜ್ಜಿದವು. ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ್ದು ತೀರಾ ಕಡಿಮೆ. ಬೇರೆ ಮಾಡಿ ನೋಡಲು ಹತ್ತು ಪಟ್ಟು ತೋರಿಸುವ ಲೂಪ್ (ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ), ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಪಕ್ಕದಿಂದ ಬೀಳುವ ಬೆಳಕು ಇದ್ದರೆ ಸಾಕು.

ಮೊದಲನೆಯದು, ತೊಳೆಯಬೇಡಿ. ಹುಣಸೆಹಣ್ಣು ಹಾಕಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ದೇವರ ದೀಪಕ್ಕೆ ಅದು ಸರಿ, ನಾಣ್ಯಕ್ಕೆ ಅಲ್ಲ. ಮೇಲ್ಮೈ ಹೋದರೆ ಗುರುತೂ ಹೋಯಿತು, ಬೆಲೆಯೂ ಹೋಯಿತು.

ಆಮೇಲೆ ಅದೇ ವರ್ಷದ, ಅದೇ ಟಂಕಸಾಲೆಯ ಚೆನ್ನಾಗಿರುವ ಇನ್ನೊಂದು ನಾಣ್ಯವನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ಹೋಲಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಸವೆತ. ಅದಕ್ಕೊಂದು ಕ್ರಮವಿದೆ. ಅತಿ ಎತ್ತರದ ಜಾಗ ಮೊದಲು ಹೋಗುತ್ತದೆ: ಸಿಂಹಗಳ ಮುಖ, ಎದೆ, ರಾಜನ ತಲೆಯ ಕೂದಲು. ಅಂಚಿನ ಆಸರೆಯಲ್ಲಿರುವ ಅಕ್ಷರಗಳು ಕೊನೆಗೆ. ಒಂದು ಅಕ್ಷರ ಮಾಯವಾಗಿದ್ದು, ಅಕ್ಕಪಕ್ಕದವು ಚೂಪಾಗಿ ನಿಂತಿದ್ದರೆ ಅದು ಸವೆತ ಇರಲಾರದು. ನಾಣ್ಯ ಒತ್ತುವ ಅಚ್ಚಿನ ಆ ಜಾಗದಲ್ಲಿ ಗ್ರೀಸ್, ಕೊಳೆ ತುಂಬಿಕೊಂಡಿರಬಹುದು, ಅಥವಾ ಯಾರೋ ಕೆರೆದಿರಬಹುದು. ಕೆರೆದಿದ್ದರೆ ಲೂಪಿನಲ್ಲಿ ಗೀರುಗಳು ಕಾಣುತ್ತವೆ.

ಮುಂಬಯಿಯವರು ಪದೇ ಪದೇ ಎಡವುವುದು ಇಸವಿಯ ಕೆಳಗಿನ ಗುರುತಿನಲ್ಲಿ. ರಿಸರ್ವ್ ಬ್ಯಾಂಕಿನ ಎದುರಿಗಿರುವ ನಮ್ಮ ಟಂಕಸಾಲೆಯ ಗುರುತು ವಜ್ರದ ಆಕಾರ. ಹೈದರಾಬಾದಿನದು ನಕ್ಷತ್ರ, ನೋಯ್ಡಾದ್ದು ದುಂಡು ಚುಕ್ಕೆ, ಕೋಲ್ಕತ್ತದಲ್ಲಿ ಗುರುತೇ ಇಲ್ಲ. ವಜ್ರದ ನಾಲ್ಕು ಮೂಲೆ ಸವೆದರೆ ಚುಕ್ಕೆಯಂತೆ ಕಾಣುತ್ತದೆ, ಪೂರ್ತಿ ಸವೆದರೆ ಕೋಲ್ಕತ್ತದ ನಾಣ್ಯ ಅನ್ನಿಸುತ್ತದೆ. ‘ಈ ವರ್ಷ ಈ ಟಂಕಸಾಲೆಯದು ಅಪರೂಪ’ ಎಂದು ಮಾರುವವರಿಗೆ ಇದು ತುಂಬಾ ಅನುಕೂಲ. ಬೆಳಕನ್ನು ಓರೆಯಾಗಿ ಬಿಟ್ಟು ಗುರುತಿನ ಬುಡವನ್ನು ನೋಡಿ. ಮೇಲೆ ದುಂಡಗಾಗಿದ್ದರೂ ಬುಡದಲ್ಲಿ ಮೂಲೆಗಳು ಉಳಿದಿರುತ್ತವೆ. ಇಸವಿಯನ್ನೂ ಓದಿ. ನೋಯ್ಡಾ ಟಂಕಸಾಲೆ ಕೆಲಸ ಶುರು ಮಾಡಿದ್ದು 1988ರಲ್ಲಿ. 1982ರ ನಾಣ್ಯದಲ್ಲಿ ಚುಕ್ಕೆ ಕಂಡರೆ ಅದು ನೋಯ್ಡಾದ್ದು ಹೇಗಾದೀತು?

ಮುಂದೆ ಗೆರೆಗಳು. ಸಂಕ್ರಾಂತಿಯ ಸಕ್ಕರೆ ಅಚ್ಚು ಸೀಳಿದ್ದರೆ ಗೊಂಬೆಯ ಮೇಲೆ ಉಬ್ಬಿದ ಗೆರೆ ಬರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಉಕ್ಕಿನ ಅಚ್ಚು ಬಿರುಕು ಬಿಟ್ಟರೆ ಲೋಹ ಅದರೊಳಗೆ ನುಗ್ಗಿ ನಾಣ್ಯದ ಮೇಲೆ ಗೆರೆ ಉಬ್ಬುತ್ತದೆ. ಗೆರೆ ತಗ್ಗಾಗಿದ್ದರೆ ಅದು ಹೆಚ್ಚಾಗಿ ಬರೀ ಗೀರು. ಉಗುರಿನಿಂದ ಮುಟ್ಟಿ ನೋಡಬೇಡಿ, ಲೂಪಿನಲ್ಲೇ ತಿಳಿಯುತ್ತದೆ.

ಜೋಡಿ ಅಕ್ಷರದ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಅಚ್ಚಿನಲ್ಲೇ ಅಕ್ಷರ ಎರಡು ಸಲ ಮೂಡಿದ್ದರೆ ಎರಡೂ ದುಂಡಗೆ ಉಬ್ಬಿರುತ್ತವೆ. ತುದಿಗಳಲ್ಲಿ ಸೀಳು ಕಾಣುತ್ತದೆ. ಒತ್ತುವಾಗ ಅಚ್ಚು ಅಲುಗಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲಿನಂಥದ್ದು ಇರುತ್ತದೆ. ಮೂಲ ಅಕ್ಷರವೂ ತೆಳ್ಳಗಾಗಿರುತ್ತದೆ. ಎರಡನೆಯದು ಸಾಮಾನ್ಯ, ಅದಕ್ಕೆ ದುಡ್ಡು ಕೊಡಬೇಡಿ.

ತಿರುಗಿದ ಅಚ್ಚನ್ನು ಪತ್ತೆ ಮಾಡುವುದು ಸುಲಭ. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಎಡಕ್ಕೆ ಮಗುಚಿದರೆ ಹಿಂಬದಿಯೂ ನೆಟ್ಟಗೇ ಇರಬೇಕು. ಚೆನ್ನಾಗಿ ವಾಲಿದ್ದರೆ ಅದು ಟಂಕಸಾಲೆಯ ತಪ್ಪು. ಜೇಬಿನ ಯಾವ ಸವೆತವೂ ಹಾಗೆ ಮಾಡಲಾರದು.

ಅಂಚು ಬಿಲ್ಲಿನಂತೆ ಕತ್ತರಿಸಿ ಹೋಗಿದ್ದರೆ ಅದರ ಸರಿಯಾಗಿ ಎದುರಿನ ಅಂಚನ್ನು ನೋಡಿ. ಬಿಲ್ಲೆಯೇ, ಅಂದರೆ ಅಚ್ಚೊತ್ತುವ ಮೊದಲಿನ ಖಾಲಿ ಲೋಹದ ತುಂಡೇ, ಹಾಗೆ ಕತ್ತರಿಸಿ ಹೋಗಿದ್ದರೆ, ಒತ್ತುವಾಗ ಎದುರಿನ ಅಂಚಿಗೆ ಸರಿಯಾದ ಒತ್ತಡ ಸಿಗದೆ ಅಲ್ಲಿ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಎದುರಿನ ಅಂಚು ಚೆನ್ನಾಗಿ ಮೂಡಿದ್ದರೆ ಯಾರೋ ಆಮೇಲೆ ಅರದಿಂದ ಉಜ್ಜಿದ್ದಾರೆಂಬ ಅನುಮಾನ ಬರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಮೋಸಗಾರರಿಗೆ ಅಂಚು ಉಜ್ಜಲು ಬರುತ್ತದೆ, ಎದುರಿನ ಅಂಚನ್ನೂ ನೆನಪಿಡುವವರು ಕಡಿಮೆ.

ಕೊನೆಗೆ ತೂಕ ಮತ್ತು ಅಯಸ್ಕಾಂತ. 1990ರ ದಶಕದ ಹನ್ನೊಂದು ಬದಿಯ ಎರಡು ರೂಪಾಯಿ ತಾಮ್ರ-ನಿಕ್ಕಲ್ ನಾಣ್ಯ, ತೂಕ 6 ಗ್ರಾಂ. ಅಯಸ್ಕಾಂತಕ್ಕೆ ಅಂಟಬಾರದು. ಅಂಟಿದರೆ ಬೇರೆ ಬಿಲ್ಲೆಯ ಮೇಲೆ ಒತ್ತಿದ್ದಿರಬಹುದು, ಅಥವಾ ನಕಲಿ. ಆಗ ತಿಳಿದವರಿಗೇ ತೋರಿಸಬೇಕು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ ಅಂಟುವುದು ಸಹಜ. ಲೋಕಲ್ ಟ್ರೈನ್ ಹಳಿಯ ಮೇಲೆ ಚಪ್ಪಟೆಯಾದ ನಾಣ್ಯದ ತೂಕ ಸರಿಯಾಗಿಯೇ ಇರುತ್ತದೆ, ಅಕ್ಷರಗಳು ಮಾತ್ರ ಅರೆದು ಹರಡಿರುತ್ತವೆ. ಒತ್ತುವಾಗ ಬಿಲ್ಲೆಯನ್ನು ಸುತ್ತಲೂ ಹಿಡಿದಿಡುವ ಬಳೆಯಂಥ ಕಟ್ಟು ಇಲ್ಲದೆ ಟಂಕಸಾಲೆಯಲ್ಲೇ ಅಗಲವಾದ ನಾಣ್ಯದಲ್ಲಿ ಅಕ್ಷರ ಚೂಪಾಗಿರುತ್ತದೆ.

ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಸುದ್ದಿ ನಂಬಬೇಡಿ. ಹತ್ತು ರೂಪಾಯಿ ನಾಣ್ಯದಲ್ಲಿ ರೂಪಾಯಿ ಚಿಹ್ನೆ ಇಲ್ಲದಿರುವುದೂ ತಪ್ಪಲ್ಲ, ಅದು ಚಿಹ್ನೆ ಬರುವ ಮೊದಲಿನ ವಿನ್ಯಾಸ. ಹಳೆ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವರಿದ್ದಾರೆ ಎಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನಾಣ್ಯ ಮಾರಲು ನೀವೇ ದುಡ್ಡು ಕಟ್ಟಬೇಕು ಎಂದವರ ಫೋನ್ ಅಲ್ಲಿಗೇ ಇಟ್ಟುಬಿಡಿ.