ಹಳೇ ಜಿಪ್ಸಿ: ಎತ್ತರಿಸುವ ಮೊದಲು ಗಟ್ಟಿ ಮಾಡಿಕೊಂಡ ಬಗೆ

ಇದು 2004ರ ಮಾರುತಿ ಜಿಪ್ಸಿ ಕಿಂಗ್ ಗಾಡಿಯ ಕೆಲಸದ ವಿವರ. 1298 ಸಿಸಿ, 16 ವಾಲ್ವಿನ ಎಂಪಿಎಫ್‌ಐ ಪೆಟ್ರೋಲ್ ಎಂಜಿನ್, 5 ಗೇರು, ಹಿಂದೆ ಮುಂದೆ ಎರಡೂ ಕಡೆ ಕಮಾನ್ ಪಟ್ಟಿ. ಕೆಲಸ ನಡೆದದ್ದು ಮಂಡ್ಯದಲ್ಲಿ, ಮನೆ ಪಕ್ಕದ ಶೀಟಿನ ಕೆಳಗೆ. ಲೇತ್ ಮತ್ತು ವೆಲ್ಡಿಂಗ್ ಮಾತ್ರ ಹೊರಗೆ.

ಮೊದಲ ಸಲ ಸ್ಪ್ಯಾನರ್ ಹಿಡಿಯುವವರು ಗಾಡಿ ಮನೆಗೆ ಬಂದ ವಾರವೇ ದೊಡ್ಡ ಟೈರು, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ಟು ಹುಡುಕಲು ಹೊರಡುತ್ತಾರೆ. ಇಪ್ಪತ್ತು ವರ್ಷ ಸವೆದ ಬೇರಿಂಗು, ಒಣಗಿ ಬಿರುಕು ಬಿಟ್ಟ ಬುಷ್‌ಗಳ ಮೇಲೆ ಭಾರದ ಟೈರು ಕೂರಿಸಿದರೆ ಗಾಡಿ 60 ಕಿ.ಮೀ. ವೇಗ ದಾಟುತ್ತಲೇ ಮುಂದಿನ ಚಕ್ರಗಳು ಅದುರತೊಡಗುತ್ತವೆ, ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮುಂದಿನ ಆಕ್ಸಲ್, ಕಮಾನ್ ಪಟ್ಟಿ, ಬ್ರೇಕ್, ಆಯಿಲು ಎಂಬ ಕ್ರಮದಲ್ಲಿ ಹೋದೆ. ಟೈರಿನ ಸರದಿ ಕೊನೆಗೆ.

ಮುಂದಿನ ಆಕ್ಸಲ್‌ನಲ್ಲಿ ಏನು ಹೋಗಿದೆ ಎಂದು ತಿಳಿಯಲು ಬೇಕಾಗುವುದು ಜಾಕಿ, ಎರಡು ಸ್ಟ್ಯಾಂಡು ಮತ್ತು ಇನ್ನೊಬ್ಬರು. ಚಕ್ರ ನೆಲ ಬಿಟ್ಟ ಮೇಲೆ ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಕಟಕಟ ಎಂದು ಪ್ಲೇ (ಸಡಿಲದ ಅಲುಗಾಟ) ಸಿಕ್ಕರೆ ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಪ್ಲೇ ನಿಂತರೆ ದೋಷ ಚಕ್ರದ ನಡುವಿನ ಹಬ್ ಬೇರಿಂಗಿನದು. ಆಗಲೂ ಉಳಿದರೆ ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ) ಬೇರಿಂಗಿನದು, ಏಕೆಂದರೆ ಬ್ರೇಕ್ ಹಿಡಿದಾಗ ಹಬ್ಬೂ ನಕಲ್ಲೂ (ಸ್ಟೀರಿಂಗ್ ಜೊತೆ ತಿರುಗುವ ಆಕ್ಸಲ್ ತುದಿಯ ಭಾಗ) ಒಂದೇ ತುಂಡಿನಂತಾಗುತ್ತವೆ. ಎಡಬಲ ಹಿಡಿದಾಗ ಮಾತ್ರ ಪ್ಲೇ ಇದ್ದರೆ ಸ್ಟೀರಿಂಗಿನ ಸರಳುಗಳಾದ ಟೈ ರಾಡ್ ಅಥವಾ ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟು ನೋಡಿ. ಈ ಒಂದು ಪರೀಕ್ಷೆ ಎಷ್ಟೋ ವ್ಯರ್ಥ ಖರ್ಚು ಉಳಿಸುತ್ತದೆ.

ನಕಲ್ ಬಿಚ್ಚುವುದು ಕಷ್ಟವಲ್ಲ, ಕೊಳಕು ಕೆಲಸ ಅಷ್ಟೆ. ಚಕ್ರ ತೆಗೆದು ಕ್ಯಾಲಿಪರ್ (ಬ್ರೇಕ್ ಹಿಡಿಯುವ ಇಕ್ಕಳ) ಬಿಚ್ಚಿ ತಂತಿಯಲ್ಲಿ ಷಾಸಿಗೆ ಕಟ್ಟಿ. ಹೋಸಿನಲ್ಲಿ ನೇತಾಡಲು ಬಿಟ್ಟರೆ ಹೋಸ್ ಒಳಗಿನಿಂದ ಹರಿಯುತ್ತದೆ, ಹೊರಗೆ ಕಾಣುವುದೂ ಇಲ್ಲ. ಆಮೇಲೆ ಹಬ್ಬು, ಸ್ಪಿಂಡಲ್, ಅದರ ಹಿಂದೆ ಜಾಯಿಂಟು ಸಮೇತ ಆಕ್ಸಲ್ ಶಾಫ್ಟ್ ಹೊರಬರುತ್ತವೆ. ನಕಲ್ ಹಿಂಬದಿಯ ಸೀಲ್ ಪ್ಲೇಟನ್ನು 8 ಸಣ್ಣ ಬೋಲ್ಟು ಹಿಡಿದಿರುತ್ತವೆ. ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಇವು ತಲೆ ಮುರಿಯುವುದು ಹೆಚ್ಚು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಒಮ್ಮೆಲೇ ಬಿಚ್ಚದೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಕಿಂಗ್‌ಪಿನ್ ಮೇಲೊಂದು ಕೆಳಗೊಂದು, ಒಂದೊಂದಕ್ಕೆ 4 ಬೋಲ್ಟು. ಇವುಗಳ ಅಡಿಯಲ್ಲಿ ಬಿಗಿ ಹೊಂದಿಸಲು ಇಡುವ, ಕಾಗದದಷ್ಟು ತೆಳುವಾದ ಶಿಮ್‌ಗಳಿರುತ್ತವೆ. ಎಡ ಮೇಲೆ, ಎಡ ಕೆಳಗೆ, ಬಲ ಮೇಲೆ, ಬಲ ಕೆಳಗೆ ಎಂದು ನಾಲ್ಕು ಡಬ್ಬಿಯಲ್ಲಿ ಗುರುತು ಹಾಕಿಡಿ. ಇವು ಕಲಸಿಹೋದರೆ ಮುಂದಿನ ಲೆಕ್ಕವೆಲ್ಲ ಕೆಟ್ಟಿತು.

ನನ್ನ ಗಾಡಿಯಲ್ಲಿ ನಕಲ್ ಒಳಗೆ ಗ್ರೀಸಿನ ಬದಲು ಕಪ್ಪು ಗಂಜಿಯಂಥದ್ದು ಇತ್ತು. ಇದರ ಅರ್ಥ, ಆಕ್ಸಲ್ ಕೊಳವೆಯ ತುದಿಯ ಒಳಸೀಲು ಹೋಗಿದೆ: ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ, ಆಕ್ಸಲ್‌ನ ಗೇರುಗಳು) ಆಯಿಲು ನಕಲ್‌ಗೆ ಇಳಿದು ಗ್ರೀಸನ್ನು ಕರಗಿಸಿ ಹೊರಸೀಲಿನಿಂದ ಜಿನುಗಿದೆ. ಹೊರಗಿನ ಸೀಲು ಮಾತ್ರ ಬದಲಿಸಿದರೆ ತಿಂಗಳೊಳಗೆ ಮತ್ತೆ ಸೋರುತ್ತದೆ. ಒಳಸೀಲು, ಹೊರಸೀಲಿನ ಸೆಟ್ಟು, ನಾಲ್ಕೂ ಕಿಂಗ್‌ಪಿನ್ ಬೇರಿಂಗು ಒಟ್ಟಿಗೇ ಹಾಕಿ. ಬೇರಿಂಗಿನ ಹೊರಬಳೆಯನ್ನೂ ಬದಲಿಸಲೇಬೇಕು. ಹಳೇ ಬಳೆಯಲ್ಲಿ ರೋಲರ್‌ಗಳು ಗೆರೆ ಗೆರೆಯಾಗಿ ಕೊರೆದಿರುತ್ತವೆ. ಸ್ಟೀರಿಂಗ್ ನೇರ ಇದ್ದಾಗ ಹೊಸ ರೋಲರು ಅದೇ ಗುಳಿಗೆ ಬೀಳುತ್ತದೆ. ಹೊಸ ಬಳೆಯನ್ನು ಹಿತ್ತಾಳೆ ಸರಳಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ನಕಲ್‌ನ ಒಳಗೆ ಕೂರುವ ಆಕ್ಸಲ್ ತುದಿಯ ಗುಂಡಿನ ಮೈ ತುಕ್ಕು ತಿಂದಿದ್ದರೆ 400 ನಂಬರಿನ ಎಮರಿ ಕಾಗದದಲ್ಲಿ ನೀರು ಹಾಕಿ ಉಜ್ಜಿ. ಉಗುರಿಗೆ ಸಿಗುವಷ್ಟು ಆಳದ ಗುಳಿಯಿದ್ದರೆ ಲೋಹದ ಎಪಾಕ್ಸಿ ತುಂಬಿ ಸಮ ಮಾಡಿ, ಇಲ್ಲವಾದರೆ ಹೊಸ ಸೀಲು ವಾರದಲ್ಲಿ ಕತ್ತರಿಸಿಹೋಗುತ್ತದೆ.

ಇನ್ನು ಬಿಗಿಯ ಲೆಕ್ಕ. ಹೊರಸೀಲು ಹಾಕುವ ಮೊದಲು, ಟೈ ರಾಡ್ ಸೇರಿಸದೆ, ಕಿಂಗ್‌ಪಿನ್ ಬೋಲ್ಟುಗಳನ್ನು 25 ನ್ಯೂಟನ್ ಮೀಟರ್‌ಗೆ ಬಿಗಿಮಾಡಿ, ಟೈ ರಾಡ್ ಸೇರುವ ತೂತಿಗೆ ಮೀನು ತೂಗುವಂಥ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಿರಿ. ನಕಲ್ ಅಲುಗಲು ಶುರುವಾಗುವ ಕ್ಷಣದ ತೂಕ ನೋಡಿ. ಒಂದರಿಂದ ಒಂದೂ ಮುಕ್ಕಾಲು ಕಿಲೋ ನಡುವೆ ಇದ್ದರೆ ಸರಿ. ಕಡಿಮೆ ಇದ್ದರೆ ಶಿಮ್ ಒಂದನ್ನು ತೆಗೆಯಿರಿ, ಹೆಚ್ಚಿದ್ದರೆ ಸೇರಿಸಿ. ಮೇಲೆ ಕೆಳಗೆ ಶಿಮ್ ದಪ್ಪ ಹೆಚ್ಚುಕಮ್ಮಿ ಸಮ ಇರಲಿ. ಒಂದೇ ಕಡೆ ತೆಗೆಯುತ್ತಾ ಹೋದರೆ ನಕಲ್ ನಡುವಿನಿಂದ ಸರಿದು ಸೀಲು ಒಂದು ಕಡೆ ಒತ್ತುತ್ತದೆ. ಜಾಯಿಂಟಿಗೆ ಮಾಲಿಬ್ಡಿನಮ್ ಇರುವ ಗ್ರೀಸು, ಗುಂಡುಗಳ ನಡುವೆ ಹೋಗುವಂತೆ ಬೆರಳಲ್ಲೇ ತುಂಬಿ.

ಅದುರಾಟಕ್ಕೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಡ್ಯಾಂಪರ್ ಅದುರಾಟವನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ಅಷ್ಟರಲ್ಲಿ ಬಾಲ್ ಜಾಯಿಂಟುಗಳೂ ಹೋಗಿರುತ್ತವೆ. ಸ್ಟೀರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ತಿರುಗಿಸಿ ಪ್ಲೇ ತೆಗೆಯುವುದೂ ಹೀಗೆಯೇ. ಉಳಿದೆಲ್ಲ ಸರಿಯಾದ ಮೇಲೆ, ಲಾಕ್ ನಟ್ ಸಡಿಲಿಸಿ, ಕಾಲು ಸುತ್ತಿಗಿಂತ ಹೆಚ್ಚು ಮುಟ್ಟಬಾರದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಬಿಗಿ ಜಾಸ್ತಿಯಾಗಿದೆ ಎಂದೇ ಅರ್ಥ. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಳತೆಗೆ ಎರಡೂ ಟೈರಿನ ನಡುಗೆರೆಗೆ ಚಾಕಿನಲ್ಲಿ ಗುರುತು ಹಾಕಿ, ಆಕ್ಸಲ್ ಎತ್ತರದಲ್ಲಿ ಮುಂದೆ ಅಳೆದು, ಚಕ್ರ ಅರ್ಧ ಸುತ್ತುವಷ್ಟು ಗಾಡಿಯನ್ನು ತಳ್ಳಿ ಅದೇ ಗುರುತನ್ನು ಹಿಂದೆ ಅಳೆದೆ. ಮುಂದಿನ ಅಳತೆ 4 ಮಿ.ಮೀ. ಕಡಿಮೆ ಇರುವಂತೆ ನಿಲ್ಲಿಸಿದೆ.

ಕಮಾನ್ ಪಟ್ಟಿಯ ವಿಚಾರದಲ್ಲಿ ನಮ್ಮ ಕಡೆಯವರು ಒಂದು ಎಚ್ಚರ ವಹಿಸಬೇಕು. ಮಂಡ್ಯದಲ್ಲಿ ಪಟ್ಟಿ ಕೆಲಸ ಬಲ್ಲವರಿಗೆ ಕೊರತೆಯಿಲ್ಲ, ಆದರೆ ಅವರ ಕೈ ಪಳಗಿರುವುದು ಕಬ್ಬಿನ ಲಾರಿ, ಟ್ರೈಲರ್‌ಗಳಲ್ಲಿ. ಕುಸಿದ ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು ಅವರ ರೂಢಿ. ಜಿಪ್ಸಿಯ ತೂಕ ಸುಮಾರು ಒಂದು ಟನ್ ಮಾತ್ರ. ಒಂದು ಪಟ್ಟಿ ಹೆಚ್ಚಾದರೂ ಗಾಡಿ ಕುಣಿಯುತ್ತದೆ, ಹಳ್ಳ ದಿಣ್ಣೆಯಲ್ಲಿ ಚಕ್ರ ನೆಲಕ್ಕೆ ಇಳಿಯುವ ಬದಲು ಗಾಳಿಯಲ್ಲಿ ನಿಲ್ಲುತ್ತದೆ. ಹಳೇ ಪಟ್ಟಿಗೆ ಮತ್ತೆ ಕಮಾನು ಕೊಡಿಸಿದರೂ ಬಹುಕಾಲ ನಿಲ್ಲುವುದಿಲ್ಲ. ಪಟ್ಟಿ ಮುರಿದಿಲ್ಲ, ಸಮನಾಗಿ ಕೂತಿದೆ ಎಂದಾದರೆ ಬಿಚ್ಚಿ, ಒಂದೊಂದನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿ ಜೋಡಿಸುವುದೇ ದೊಡ್ಡ ಸುಧಾರಣೆ. ತುಕ್ಕು ಹಿಡಿದ ಪಟ್ಟಿಗಳು ಒಂದರ ಮೇಲೊಂದು ಜಾರದೆ ಒಂದೇ ಹಲಗೆಯಂತಾಗಿರುತ್ತವೆ. ಜಿಪ್ಸಿ ಸೊಂಟ ಮುರಿಯುತ್ತದೆ ಎನ್ನುವ ದೂರಿನಲ್ಲಿ ಇದರ ಪಾಲು ದೊಡ್ಡದು.

ಪಟ್ಟಿಯನ್ನು ಆಕ್ಸಲ್‌ಗೆ ಹಿಡಿಯುವ ಯು ಬೋಲ್ಟು ಹೊಸದೇ ಹಾಕಬೇಕು, ಹಳೆಯದು ಒಮ್ಮೆ ಹಿಗ್ಗಿದ್ದು. 70 ನ್ಯೂಟನ್ ಮೀಟರ್, ನಾಲ್ಕನ್ನೂ ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, 200 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ಶ್ಯಾಕಲ್ (ಪಟ್ಟಿಯನ್ನು ಷಾಸಿಗೆ ಸೇರಿಸುವ ಕೊಂಡಿ) ಮತ್ತು ಪಟ್ಟಿ ತುದಿಯ ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿ ಮಾಡಿ. ಜಾಕಿಯ ಮೇಲಿದ್ದಾಗಲೇ ಬಿಗಿದರೆ ಗಾಡಿ ಇಳಿದ ಕೂಡಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಕೆಲವೇ ವಾರಕ್ಕೆ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತು ಎನ್ನುವವರು ಬಹಳ ಸಲ ಇಲ್ಲಿಯೇ ತಪ್ಪಿರುತ್ತಾರೆ.

ಬ್ರೇಕಿನಲ್ಲಿ ಹಿಂದಿನ ಡ್ರಮ್ಮೇ ಗೋಳು. ಗದ್ದೆಯ ಅಂಟು ಮಣ್ಣು ಡ್ರಮ್ಮಿನೊಳಗೆ ಒಣಗಿ ಕಲ್ಲಿನಂತಾಗಿ ಶೂ ಮತ್ತು ಡ್ರಮ್ಮನ್ನು ಅರೆಯುತ್ತದೆ. ಡ್ರಮ್ಮನ್ನು ಲೇತಿನಲ್ಲಿ ತಿರುಗಿಸುವ ಮೊದಲು ಅದರ ಮೇಲೆ ಅಚ್ಚು ಹಾಕಿರುವ ಗರಿಷ್ಠ ವ್ಯಾಸ ನೋಡಿ. ಅದನ್ನು ದಾಟುವುದಾದರೆ ಹೊಸದೇ ಗತಿ. ಶೂ ಮೇಲೆ ಗೇರ್ ಆಯಿಲಿನ ಕಲೆ ಕಂಡರೆ ಹಿಂದಿನ ಆಕ್ಸಲ್ ಸೀಲು ಬದಲಿಸದೆ ಶೂ ಹಾಕಬೇಡಿ. ರಬ್ಬರ್ ಹೋಸ್‌ಗಳೆಲ್ಲ ಹೊಸದು, ಫ್ಲೂಯಿಡ್ ಸೀಲ್ ಒಡೆಯದ ಡಬ್ಬಿಯದು. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಫ್ಲೂಯಿಡ್ಡು ಚಾಮುಂಡಿ ಬೆಟ್ಟದ ಇಳಿಜಾರಿನಂಥ ಕಡೆ ಬ್ರೇಕ್ ಬಿಸಿಯಾದಾಗ ಕುದಿದು ಪೆಡಲ್ ನೆಲಕ್ಕೆ ಹೋಗುತ್ತದೆ. ಬ್ರೇಕ್ ಕೊಳವೆಯೊಳಗಿನ ಗಾಳಿ ತೆಗೆಯುವುದು, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು.

ಆಯಿಲು ಬದಲಿಸುವಾಗ ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ ನೋಡಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕಿನಲ್ಲಿ ಕಚ್ಚಿಕೊಂಡಿದ್ದರೆ ಖಾಲಿಯಾದ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಗೇರ್‌ಬಾಕ್ಸಿಗೆ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ (ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) 0.8, ಮುಂದಿನ ಡಿಫರೆನ್ಶಿಯಲ್‌ಗೆ 2, ಹಿಂದಿನದಕ್ಕೆ 1.5. ಲೆಕ್ಕಕ್ಕಿಂತ ಪ್ಲಗ್ಗಿನ ಅಂಚಿನವರೆಗೆ ಬಂದಿತೇ ಎಂಬುದೇ ಮುಖ್ಯ, ಗಾಡಿ ಸಮತಟ್ಟಾಗಿ ನಿಂತಿರಬೇಕು. ಗೇರ್‌ಬಾಕ್ಸಿಗೆ ಜಿಎಲ್4, ಡಿಫರೆನ್ಶಿಯಲ್‌ಗಳಿಗೆ ಜಿಎಲ್5 ದರ್ಜೆಯ ಆಯಿಲು, ಎರಡೂ 80ಡಬ್ಲ್ಯು90 ದಪ್ಪದವು. ಜಿಎಲ್5ರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಅಂಶ ಗೇರು ಸಲೀಸಾಗಿ ಸೇರಿಸುವ ಸಿಂಕ್ರೊ ಬಳೆಯ ಹಿತ್ತಾಳೆಗೆ ಒಳ್ಳೆಯದಲ್ಲ. ಇಳಿಸಿದ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಹೋಗಿದೆ. ಓಡಿ ಬಿಸಿಯಾದ ಆಕ್ಸಲ್ ನಾಲೆ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಆಕ್ಸಲ್ ಉಸಿರಾಡುವ ಬ್ರೀದರ್ ತೂತಿನಿಂದ, ಸಣ್ಣಗೆ ಸವೆದ ಸೀಲಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಎರಡೂ ಆಕ್ಸಲ್‌ಗಳ ಬ್ರೀದರಿಗೆ ರಬ್ಬರ್ ಪೈಪು ಸಿಕ್ಕಿಸಿ, ಮುಂದಿನದನ್ನು ಬಾನೆಟ್ ಒಳಗಿನ ಎತ್ತರಕ್ಕೆ, ಹಿಂದಿನದನ್ನು ಬಾಡಿಯೊಳಗೆ ಟೇಲ್ ಲ್ಯಾಂಪಿನ ಹಿಂದಕ್ಕೆ ಒಯ್ದೆ. ಚಕ್ರ ಪೂರ್ತಿ ಇಳಿದಾಗಲೂ ಎಳೆಯದಷ್ಟು ಸಡಿಲ ಬಿಡಿ. ನೂರಿನ್ನೂರು ರೂಪಾಯಿಯ ಈ ಪೈಪು, ಲಿಫ್ಟ್ ಕಿಟ್ಟಿಗಿಂತ ಹೆಚ್ಚು ಉಪಯೋಗದ ಅಪ್‌ಗ್ರೇಡ್ ಎಂದೇ ನನ್ನ ಎಣಿಕೆ.

ಎಂಜಿನ್ ಕಡೆ, ಹಿಂದೆ ಏನು ಬದಲಿಸಿದ್ದಾರೆ ಎಂಬ ದಾಖಲೆ ಇಲ್ಲವಾದರೆ ಟೈಮಿಂಗ್ ಬೆಲ್ಟು, ಟೆನ್ಶನರ್, ವಾಟರ್ ಪಂಪ್ ಒಟ್ಟಿಗೆ ಹಾಕಿ. ಪೆಟ್ರೋಲ್ ಹೋಸುಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ರೇಡಿಯೇಟರಿಗೆ ಬೋರ್ ನೀರು ಬೇಡವೇ ಬೇಡ. ನಮ್ಮ ಗಡಸು ನೀರು ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಮೇಲುಕೋಟೆಯಂಥ ಏರಿನಲ್ಲಿ ಲೋ ಗೇರಿನಲ್ಲಿ ನಿಧಾನವಾಗಿ ಹತ್ತುವಾಗ ಮುಳ್ಳು ಕೆಂಪಿಗೆ ಹೋಗುವುದು ಅದರಿಂದಲೇ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ.

ತುಕ್ಕು ಹುಡುಕಬೇಕಾದ್ದು ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ, ಬಾಡಿ ಮೌಂಟುಗಳ ಸುತ್ತ, ಹಿಂದಿನ ಶ್ಯಾಕಲ್ ಷಾಸಿಗೆ ಸೇರುವ ಜಾಗದಲ್ಲಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ, ಟಣ್ ಎನ್ನದೆ ಮಂಕಾಗಿ ಸದ್ದು ಬಂದಲ್ಲಿ ತಗಡು ಹೋಗಿದೆ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿಸಿ. ಮೇಲೊಂದು ಪಟ್ಟಿ ಅಂಟಿಸಿದರೆ ನಡುವೆ ನೀರು ನಿಂತು ಎರಡೂ ಕೊಳೆಯುತ್ತವೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ಎರಡನ್ನೂ ಬಿಚ್ಚಿಡಿ. ಎಂಪಿಎಫ್‌ಐ ಗಾಡಿಯಲ್ಲಿ ಇದನ್ನು ಮರೆತರೆ ಇಸಿಯು ಸುಟ್ಟುಹೋಗಬಹುದು.

ಹೆಡ್‌ಲೈಟ್ ಮಂಕೆಂದು ಹೆಚ್ಚು ವ್ಯಾಟಿನ ಬಲ್ಬು ಹಾಕುವುದಕ್ಕೆ ಮುಂಚೆ ಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದು, ಉರಿಯುತ್ತಿರುವ ಬಲ್ಬಿನಲ್ಲಿ 11ಕ್ಕಿಂತ ಕಡಿಮೆ ಕಂಡರೆ ದೋಷ ವೈರು, ಸ್ವಿಚ್ಚು, ಅರ್ಥ್‌ಗಳಲ್ಲಿ. ಹೈ ಬೀಮಿಗೆ ಲೋ ಬೀಮಿಗೆ ಒಂದೊಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್ಚು), ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು. ಹಳೇ ವೈರು ರಿಲೇ ಎಳೆಯುವುದಕ್ಕೆ ಮಾತ್ರ. ಮಾಮೂಲಿ 60/55 ವ್ಯಾಟಿನ ಬಲ್ಬೇ ಬೆಳ್ಳಗೆ ಉರಿಯುತ್ತದೆ.

ಕಾಗದದ ಮಾತೂ ಇದೆ. 15 ವರ್ಷ ದಾಟಿದ ಖಾಸಗಿ ಗಾಡಿಯ ಆರ್‌ಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಎ11 (ಮಂಡ್ಯ) ಆದರೂ ಕೆಎ09 (ಮೈಸೂರು) ಆದರೂ ನವೀಕರಣದ ಅರ್ಜಿ ಫಾರಂ 25 ಜೊತೆ ಗಾಡಿಯನ್ನು ತೋರಿಸಲೇಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಬಂಪರಿನ ಮುಂದೆ ಹಾಕುವ ಬುಲ್ ಬಾರ್‌ಗೂ ಅನುಮತಿ ಇಲ್ಲ. ಅದಕ್ಕೇ ನನ್ನ ಗಾಡಿಗೆ ಲಿಫ್ಟ್ ಇಲ್ಲ.

ಟೈರಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಮೂಲ ಅಳತೆಯಾದ 205/70 ಆರ್15ರ ವ್ಯಾಸ 668 ಮಿ.ಮೀ. 215/75 ಆದರೆ 703, ಅಂದರೆ ಶೇ. 5 ಹೆಚ್ಚು. 235/75 ಆದರೆ 733, ಶೇ. 10ರ ಹತ್ತಿರ. ಈ ಕೊನೆಯದಕ್ಕೆ ಲಿಫ್ಟೂ ಬೇಕು, ಫೆಂಡರೂ ಕತ್ತರಿಸಬೇಕು, 80 ಬಿಎಚ್‌ಪಿ ಎಂಜಿನ್ ಪ್ರತಿ ಗೇರಿನಲ್ಲೂ ಏದುಸಿರು ಬಿಡುತ್ತದೆ, ಮೀಟರಿನಲ್ಲಿ 60 ತೋರಿಸುವಾಗ ನಿಜವೇಗ 66ರ ಹತ್ತಿರ ಇರುತ್ತದೆ. ಮೂಲ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಹಲ್ಲಿನ ಟೈರು ಹಾಕಿದೆ. ಗದ್ದೆ ಬದು, ನಾಲೆ ಏರಿಯ ಕೆಸರಿಗೆ ಇಳಿಯುವಾಗ ಗಾಳಿ 18 ಪಿಎಸ್‌ಐಗೆ ಇಳಿಸಿ, ನಿಧಾನಕ್ಕೆ ಹೋಗಿ. ಡಾಂಬರಿಗೆ ಬಂದ ಕೂಡಲೇ ಫೋರ್ ವೀಲ್ ಲಿವರನ್ನು ಟೂ ವೀಲ್‌ಗೆ ತನ್ನಿ. ಈ ಗಾಡಿಗೆ ನಡುವಿನ ಡಿಫರೆನ್ಶಿಯಲ್ ಇಲ್ಲ, ಒಣ ಡಾಂಬರಿನ ತಿರುವಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ತಿರುಚಿ ಟ್ರಾನ್ಸ್‌ಫರ್ ಕೇಸನ್ನೇ ಹಿಂಡುತ್ತವೆ. ಆಮೇಲೆ ಗಾಳಿ ತುಂಬಿ, ಮನೆಗೆ ಬಂದು ಡ್ರಮ್ಮು, ಷಾಸಿ ತೊಳೆಯಿರಿ, ಮಣ್ಣು ಒಣಗುವುದಕ್ಕೆ ಮೊದಲೇ.